ರಸ್ತೆ ಮುಗಿದರೂ ಮುಗಿಯದ ಗುತ್ತಿಗೆ

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ಒಂದು ರಸ್ತೆ. ಡಾಂಬರು ಬಿದ್ದು, ಬಿಳಿ ಗೆರೆ ಹೊಡೆದು, ಬಸ್ಸು ಓಡಾಡಲು ಶುರುವಾಗಿ ಎಷ್ಟೋ ವರ್ಷ ಆಗಿತ್ತು. ಕಚೇರಿಯ ಲೆಕ್ಕದಲ್ಲಿ ಮಾತ್ರ ಅದು ಇನ್ನೂ 'ಪ್ರಗತಿಯಲ್ಲಿರುವ ಕಾಮಗಾರಿ'. ಒಂದು ಮಳೆಗಾಲದಲ್ಲಿ ರಸ್ತೆಯ ಅಂಚು ಕುಸಿದು ಗುಂಡಿ ಬಿತ್ತು. ಊರವರು ಕಚೇರಿಗೆ ಹೋದರು. "ಆ ರಸ್ತೆ ನಮಗಿನ್ನೂ ಹಸ್ತಾಂತರ ಆಗಿಲ್ರಿ, ಗುತ್ತಿಗೆದಾರರನ್ನ ಕೇಳ್ರಿ" ಎಂಬ ಉತ್ತರ ಬಂತು. ಗುತ್ತಿಗೆದಾರರನ್ನು ಕೇಳಿದರೆ, "ಫೈನಲ್ ಬಿಲ್ಲೇ ಆಗಿಲ್ಲ, ಯಾವ ರೊಕ್ಕದಾಗ ಮಾಡ್ಲಿ?" ಅಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಗುಂಡಿ ದೊಡ್ಡದಾಗುತ್ತಾ ಹೋಯಿತು.

ರಸ್ತೆ ತಡವಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಧೂಳು ಮೂಗಿಗೆ ಬಡಿಯುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ರಸ್ತೆ ಆದ ಮೇಲೆ ಗುತ್ತಿಗೆ ಮುಗಿಯದೆ ಉಳಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ರಿಪೇರಿ ಯಾರದ್ದು, ಬೈಪಾಸ್ ದೀಪದ ಕರೆಂಟ್ ಬಿಲ್ ಯಾರು ಕಟ್ಟಬೇಕು, ಕಟ್ಟದೆ ಬಿಟ್ಟ ಬಸ್ ತಂಗುದಾಣ ಯಾರ ಪಾಲಿಗೆ ಬರುತ್ತದೆ ಅನ್ನುವ ಎಲ್ಲ ಪ್ರಶ್ನೆಗಳ ಬೇರು ಅಲ್ಲೇ ಇರುತ್ತದೆ.

ಗುತ್ತಿಗೆ ಮುಗಿಸುವುದು ಅಂದರೆ ಕೊನೆಯ ಚೆಕ್ ಕೊಡುವುದಷ್ಟೇ ಅಲ್ಲ. ಕೊನೆಯ ಅಳತೆ ಆಗಬೇಕು. ಉಳಿದ ಚಿಲ್ಲರೆ ಕೆಲಸಗಳ ಪಟ್ಟಿ, ಅಂದರೆ ಪಂಚ್ ಲಿಸ್ಟ್, ಖಾಲಿಯಾಗಬೇಕು. ಹೆಚ್ಚಿಗೆ ಮಾಡಿದ ಕೆಲಸಕ್ಕೆ ಮಂಜೂರಾತಿ ಸಿಗಬೇಕು, ತಡವಾಗಿದ್ದರೆ ಅವಧಿ ವಿಸ್ತರಣೆ ಆಗಬೇಕು. ಜಲ್ಲಿ, ಗರಸು, ಮರಳಿನ ರಾಜಧನದ, ಅಂದರೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ, ಲೆಕ್ಕ ಕೂಡಬೇಕು. ರಸ್ತೆ ನಿಜವಾಗಿ ಹೇಗೆ ಕಟ್ಟಲ್ಪಟ್ಟಿದೆಯೋ ಹಾಗೆ ನಕ್ಷೆ ಸಿದ್ಧವಾಗಬೇಕು. ಇಷ್ಟಾದ ಮೇಲೆ ಫೈನಲ್ ಬಿಲ್. ಅದಾದ ಮೇಲೂ ದೋಷ ಹೊಣೆ ಅವಧಿ, ಅಂದರೆ ಕೆಲಸದಲ್ಲಿ ದೋಷ ಕಂಡರೆ ಗುತ್ತಿಗೆದಾರರೇ ಸರಿಮಾಡಿ ಕೊಡಬೇಕಾದ ಕಾಲ, ಮುಗಿಯುವ ತನಕ ಅವರ ಡಿಪಾಸಿಟ್ ಇಲಾಖೆಯ ಹತ್ತಿರವೇ ಇರುತ್ತದೆ. ಇದರಲ್ಲಿ ಒಂದು ಕಾಗದ ನಿಂತರೂ ಉಳಿದ ಎಲ್ಲವೂ ನಿಲ್ಲುತ್ತವೆ.

ಈ ವ್ಯವಸ್ಥೆ ಹಳೆಯದು. 1854ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಲೋಕೋಪಯೋಗಿ ಇಲಾಖೆ ಶುರು ಮಾಡಿದ. ಬಳ್ಳಾರಿ 1953ರ ತನಕ ಮದ್ರಾಸಿನ ಲೆಕ್ಕದಲ್ಲಿತ್ತು, ರಾಯಚೂರು ಮತ್ತು ಕೊಪ್ಪಳದ ಕಡೆ ನಿಜಾಮರ ಲೆಕ್ಕ ನಡೆಯುತ್ತಿತ್ತು, 1956ರಲ್ಲಿ ಎಲ್ಲ ಒಂದೇ ರಾಜ್ಯವಾಯಿತು. ಇಷ್ಟೆಲ್ಲ ಬದಲಾದರೂ ಒಂದು ಪುಸ್ತಕ ಮಾತ್ರ ಕೈ ಬಿಡಲಿಲ್ಲ. ಅದೇ ಅಳತೆ ಪುಸ್ತಕ, ಎಲ್ಲರ ಬಾಯಲ್ಲಿ ಎಂಬಿ.

ಎಂಬಿ ನೋಡಿದವರಿಗೆ ಅದರ ಬಿಗಿ ಗೊತ್ತು. ಪುಟಗಳಿಗೆ ಅಚ್ಚಿನ ಸಂಖ್ಯೆ. ಹಾಳೆ ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಬೇಕು. ಜೆಇ, ಅಂದರೆ ಕಿರಿಯ ಇಂಜಿನಿಯರ್, ಬರೆಯುತ್ತಾರೆ, ಅವರ ಮೇಲಿನ ಎಇಇ ತಾಳೆ ನೋಡುತ್ತಾರೆ, ಅವರಿಗೂ ಮೇಲಿನ ಇಇ ಒಂದಿಷ್ಟು ಭಾಗವನ್ನು ಸ್ವತಃ ಅಳೆದು ನೋಡಬೇಕು. ಎಂಬಿಯಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಇಲ್ಲ. ರಸ್ತೆ ಪಕ್ಕ ಜಲ್ಲಿ ರಾಶಿ ಹಾಕಿ, ಉದ್ದ ಅಗಲ ಎತ್ತರ ಅಳೆದು, ಆಮೇಲೆ ಹರಡುತ್ತಿದ್ದ ಕಾಲಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ಕೆಲಸ ಸಣ್ಣದು, ಅಳತೆ ಕಣ್ಣೆದುರಿಗೆ, ಲೆಕ್ಕ ಅಲ್ಲಿಗಲ್ಲಿಗೆ ಮುಗಿಯುತ್ತಿತ್ತು.

2000ದ ಆಸುಪಾಸಿನಲ್ಲಿ ಕೆಲಸದ ಗಾತ್ರವೇ ಬದಲಾಯಿತು. ಕೇಂದ್ರದ ಹೆದ್ದಾರಿ ಅಭಿವೃದ್ಧಿ ಯೋಜನೆ 1998ರಿಂದ ಶುರುವಾಯಿತು. ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಟೆಂಡರ್ ಕರೆಯುವ ರೀತಿಯನ್ನು ಬಿಗಿ ಮಾಡಿತು. 2001ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಕೆ-ಶಿಪ್, ಅಂದರೆ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ ಬಂತು. ಲಕ್ಷಗಳ ಗುತ್ತಿಗೆ ಕೋಟಿಗಳಿಗೆ ಏರಿತು. ಟೆಂಡರ್ ಹೇಗೆ ಕರೆಯಬೇಕು ಅನ್ನುವುದಕ್ಕೆ ಪುಟಗಟ್ಟಲೆ ನಿಯಮ ಬಂದವು. ಗುತ್ತಿಗೆಯನ್ನು ಹೇಗೆ ಮುಗಿಸಬೇಕು ಅನ್ನುವ ಕಡೆ ಅಷ್ಟು ಗಮನ ಹೋಗಲಿಲ್ಲ.

ಅದೇ ಹೊತ್ತಿಗೆ ದೊಡ್ಡ ಕಾಮಗಾರಿಗಳ ಜೊತೆ ಫಿಡಿಕ್ ಎಂಬ ಅಂತರರಾಷ್ಟ್ರೀಯ ಇಂಜಿನಿಯರಿಂಗ್ ಸಲಹೆಗಾರರ ಒಕ್ಕೂಟದ ಮಾದರಿಯ ಕರಾರುಗಳೂ ಬಂದವು. ಹೆಚ್ಚುವರಿ ಹಣ ಕೇಳುವ ಸಂಗತಿ ಏನಾದರೂ ನಡೆದರೆ 28 ದಿನದೊಳಗೆ ಬರಹದಲ್ಲಿ ತಿಳಿಸಬೇಕು ಅನ್ನುವುದು ಅದರ ಒಂದು ಮುಖ್ಯ ನಿಯಮ. ಒಳ್ಳೆಯ ನಿಯಮವೇ. ಆದರೆ ನಮ್ಮ ಕಡೆ ಸಾಹೇಬರಿಗೆ ಪತ್ರ ಬರೆಯುವುದು ಅಂದರೆ ಜಗಳ ತೆಗೆದ ಹಾಗೆ. "ದಿನಾ ಮುಖ ನೋಡ್ತೀವಿ, ಕಾಗದ ಯಾಕ್ರಿ?" ಅನ್ನುವ ಮಾತನ್ನು ಎರಡೂ ಕಡೆಯವರಿಂದ ಕೇಳಿದ್ದೇನೆ. ಹಾಗಾಗಿ ಕೆಲಸ ಮಾತಿನ ಮೇಲೆ ನಡೆಯಿತು, ಬಿಲ್ ಕಾಗದ ಕೇಳಿತು. ನನ್ನ ಪ್ರಕಾರ ಈಗಿನ ತೊಡಕಿನ ಬಹುಪಾಲು ಹುಟ್ಟಿದ್ದು ಇಲ್ಲಿ.

ಇದರ ಮೇಲೆ ಕಬ್ಬಿಣದ ಅದಿರಿನ ವರ್ಷಗಳು ಬಂದವು. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದ ಮೇಲೆ ಸಂಡೂರು, ತೋರಣಗಲ್ಲು, ಹೊಸಪೇಟೆ, ಬಳ್ಳಾರಿ ನಡುವೆ ಹಗಲು ರಾತ್ರಿ ಲಾರಿ ಸಾಲು. ಒಂದು ಭಾರಕ್ಕೆ ಅಂತ ಲೆಕ್ಕ ಹಾಕಿ ಕಟ್ಟಿದ ರಸ್ತೆಯ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ ಭಾರ ಓಡಿತು. ದೋಷ ಹೊಣೆ ಅವಧಿ ಮುಗಿಯುವ ಮೊದಲೇ ರಸ್ತೆ ಕಿತ್ತು ಬಂತು. ಈಗ ಜಗಳ: ಇದು ಕಳಪೆ ಕೆಲಸವೋ, ಓವರ್‌ಲೋಡ್ ಲಾರಿಯ ಹೊಡೆತವೋ? ಗುತ್ತಿಗೆದಾರರ ಡಿಪಾಸಿಟ್ ನಿಂತಿದ್ದು ಇದೇ ಪ್ರಶ್ನೆಯ ಮೇಲೆ. ಯಾವ ಲಾರಿ ಎಷ್ಟು ತೂಕ ಹೊತ್ತು ಹೋಯಿತು ಅನ್ನುವ ದಾಖಲೆ ರಸ್ತೆಯ ಫೈಲಿನಲ್ಲಿ ಇರಬೇಕಿತ್ತು. ಅದನ್ನು ಇಡುವ ಪದ್ಧತಿಯೇ ಇರಲಿಲ್ಲ.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಲಾರಿಗಳು ನಿಂತವು, ಕಲ್ಲು ಮಣ್ಣಿನ ಪ್ರತಿ ಲೋಡಿನ ಮೇಲೂ ಕಣ್ಣು ಬಿತ್ತು. ಬೀಳಲೇಬೇಕಿತ್ತು, ಅಷ್ಟು ಸಂಪತ್ತು ಲೆಕ್ಕ ತಪ್ಪಿ ಹೋಗಿತ್ತು. ಆದರೆ ಅದರ ಭಾರ ರಸ್ತೆ ಗುತ್ತಿಗೆಯ ಕೊನೆಯ ಮೆಟ್ಟಿಲ ಮೇಲೂ ಕೂತಿತು. ರಸ್ತೆಗೆ ಬಳಸಿದ ಜಲ್ಲಿಗೆಲ್ಲ ಪರ್ಮಿಟ್ ತೋರಿಸಬೇಕು, ಇಲ್ಲದಿದ್ದರೆ ಬಿಲ್ಲಿನಲ್ಲಿ ರಾಜಧನ ಕಡಿತ. ಇಲ್ಲೊಂದು ಸಣ್ಣ ಸಂಗತಿ ಇದೆ. ಎಂಬಿಯಲ್ಲಿ ಜಲ್ಲಿಯ ಅಳತೆ ಘನ ಮೀಟರಿನಲ್ಲಿ, ಪರ್ಮಿಟ್ಟಿನಲ್ಲಿ ಟನ್ನಿನಲ್ಲಿ. ಹರಡಿ ರೋಲರ್ ಹೊಡೆದ ಮೇಲೆ ಒಂದು ಘನ ಮೀಟರಿಗೆ ಎಷ್ಟು ಟನ್ ಅಂತ ಹಿಡಿಯುವುದು? ಒಂದು ಕಚೇರಿ ಒಂದು ಲೆಕ್ಕ, ಇನ್ನೊಂದು ಕಚೇರಿ ಇನ್ನೊಂದು ಲೆಕ್ಕ. ಇಷ್ಟೇ ವ್ಯತ್ಯಾಸಕ್ಕೆ ಫೈಲ್ ಎರಡು ಇಲಾಖೆಗಳ ನಡುವೆ ತಿರುಗುತ್ತದೆ. ಪ್ರತಿ ರನ್ನಿಂಗ್ ಬಿಲ್ಲಿಗೂ, ಅಂದರೆ ಕೆಲಸ ನಡೆಯುತ್ತಿರುವಾಗಲೇ ಆದಷ್ಟಕ್ಕೆ ಮಾಡುವ ಬಿಲ್ಲಿಗೂ, ಆ ತಿಂಗಳ ಪರ್ಮಿಟ್ ತಾಳೆ ಹಾಕಿದರೆ ಕೊನೆಯಲ್ಲಿ ತಾಳೆ ಹಾಕಲು ಏನೂ ಉಳಿಯುವುದಿಲ್ಲ. ಮೂರು ವರ್ಷದ ಚೀಟಿಗಳನ್ನು ಒಂದೇ ಸಲ ಚೀಲದಲ್ಲಿ ತಂದು ಸುರಿದರೆ ಯಾರಿಂದ ಸಾಧ್ಯ?

ಮೊದಲಿಗೆ ಹೇಳಿದ ರಸ್ತೆಗೆ ಬರುತ್ತೇನೆ. ಅದರ ಗುತ್ತಿಗೆದಾರರು ನಮ್ಮ ಕಾಕಾ. ಹಾಗಾಗಿ ಈ ಕಥೆಯನ್ನು ನಾನು ದೂರದಿಂದ ನೋಡಿದ್ದಲ್ಲ.

ಆ ಕಡೆಯದೆಲ್ಲ ಎರೆ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ನೀರು ಬಿದ್ದರೆ ಉಬ್ಬಿ ಮೇಲೇಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಸಿ ನೀರು ಬೇರೆ. ಒಂದು ಸಿಡಿ, ಅಂದರೆ ರಸ್ತೆ ಅಡಿಯ ಸಣ್ಣ ಮೋರಿಗೆ, ಎಸ್ಟಿಮೇಟಿನಲ್ಲಿ ಒಂದೂವರೆ ಮೀಟರ್ ಪಾಯ ಬರೆದಿತ್ತು. ಅಷ್ಟು ತೋಡಿದರೂ ಕರಿ ಮಣ್ಣೇ. ಗರಸು ಸಿಕ್ಕಿದ್ದು ಎರಡೂವರೆ ಮೀಟರ್ ದಾಟಿದ ಮೇಲೆ. ಸ್ಥಳಕ್ಕೆ ಬಂದಿದ್ದ ಇಂಜಿನಿಯರ್ ಪಾಯದೊಳಗೆ ಇಳಿದು, ಕೈಯಲ್ಲಿ ಮಣ್ಣು ಹಿಚುಕಿ ನೋಡಿ, "ಇಷ್ಟಕ್ಕ ನಿಲ್ಲಿಸಿದ್ರ ನಿಲ್ಲಂಗಿಲ್ಲ. ಕೆಳಗ ಹೋಗ್ರಿ, ಆಮ್ಯಾಲ ನೋಡೂಣು" ಅಂದರು. ಸರಿಯಾದ ನಿರ್ಧಾರ. ಆ ಮೋರಿ ಇವತ್ತಿಗೂ ಕದಲಿಲ್ಲ. ಕಾಕಾ ಕಾಂಕ್ರೀಟ್ ಹಾಕಿಸಿದರು. ಪಾಯ ಮುಚ್ಚಿತು. ಬರೆದಿಡುವುದು 'ಆಮ್ಯಾಲ' ಅಂತ ಉಳಿಯಿತು.

ಅಷ್ಟರಲ್ಲಿ ಆ ಇಂಜಿನಿಯರಿಗೆ ವರ್ಗ ಆಯಿತು. ಹೊಸದಾಗಿ ಬಂದವರಿಗೆ ಕಾಣುವುದು ನೆಲದ ಮೇಲಿನ ಮೋರಿ ಮಾತ್ರ. ಒಂದೂವರೆ ಮೀಟರಿಗಿಂತ ಕೆಳಗೆ ಏನಿದೆ ಅಂತ ಅವರು ಹೇಗೆ ಸಹಿ ಹಾಕುತ್ತಾರೆ? ನಾಳೆ ಆಡಿಟ್‌ನವರು ಕೇಳಿದರೆ ಉತ್ತರ ಕೊಡಬೇಕಾದವರು ಅವರೇ. ಆಡಿಟ್‌ನವರೂ ಕೇಳಬೇಕಾದದ್ದನ್ನೇ ಕೇಳುತ್ತಾರೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸರಿ ಇದ್ದರು. ಫೈಲಿಗೆ ಮಾತ್ರ 'ಸ್ಪಷ್ಟನೆ ಬೇಕು' ಅನ್ನುವ ಟಿಪ್ಪಣಿಗಳು ಕೂಡುತ್ತಾ ಹೋದವು. ಆ ಒಂದು ಮೋರಿಯ ಸಲುವಾಗಿ ಇಡೀ ರಸ್ತೆಯ ಫೈನಲ್ ಬಿಲ್ ನಿಂತಿತು, ಡಿಪಾಸಿಟ್ ನಿಂತಿತು, ಹಸ್ತಾಂತರವೂ ನಿಂತಿತು. ಕಾಕಾ ತಮ್ಮ ಪರವಾಗಿ ಬ್ಯಾಂಕು ಇಲಾಖೆಗೆ ಕೊಟ್ಟ ಹೊಣೆಪತ್ರವನ್ನು, ಅಂದರೆ ಬ್ಯಾಂಕ್ ಗ್ಯಾರಂಟಿಯನ್ನು, ವರ್ಷ ವರ್ಷ ಕಮಿಷನ್ ಕಟ್ಟಿ ನವೀಕರಿಸುತ್ತಾ ಬಂದರು. ಜಲ್ಲಿ ಕ್ರಷರಿನವರ ಬಾಕಿ, ಟ್ರ್ಯಾಕ್ಟರಿನವರ ಬಾಕಿ, ಮೇಸ್ತ್ರಿಯ ಬಾಕಿ ಎಲ್ಲ ಅದರ ಹಿಂದೆ ಸಾಲಾಗಿ ನಿಂತವು. ಹಬ್ಬದ ಹಿಂದಿನ ದಿನ ಮೇಸ್ತ್ರಿ ಮನೆ ಬಾಗಿಲಿಗೆ ಬಂದು, ಏನೂ ಕೇಳದೆ ಚಹಾ ಕುಡಿದು ಹೋಗುತ್ತಿದ್ದರು.

ಬಿಲ್ ಹಳೆಯದಾದಷ್ಟೂ ಹೊಸ ತೊಡಕು ಅಂಟಿಕೊಳ್ಳುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಸರ್ಕಾರಿ ರಸ್ತೆ ಕೆಲಸಕ್ಕೆ ಮೊದಲು ಶೇ 18, ಆಗಸ್ಟ್‌ನಲ್ಲಿ ಶೇ 12, 2022ರ ಜುಲೈ 18ರಿಂದ ಮತ್ತೆ ಶೇ 18. ಅದಕ್ಕೂ ಮುಂಚಿನ ವ್ಯಾಟ್ ತೆರಿಗೆಯ ಕಾಲದಲ್ಲಿ ಟೆಂಡರ್ ಹಾಕಿದವರ ಬಾಕಿಗೆ ಯಾವ ದರ, ವ್ಯತ್ಯಾಸ ಯಾರು ತುಂಬಬೇಕು ಅನ್ನುವುದೇ ಇನ್ನೊಂದು ವ್ಯಾಜ್ಯವಾಯಿತು.

ದೊಡ್ಡ ಕಂಪನಿಗಳು ಮಧ್ಯಸ್ಥಿಕೆಗೆ ಹೋಗುತ್ತವೆ. ಅದಕ್ಕೆ 1996ರ ಕಾಯ್ದೆ ಇದೆ, 2015ರ ತಿದ್ದುಪಡಿಯಲ್ಲಿ ಕಾಲಮಿತಿಯೂ ಬಂತು. ತೀರ್ಪು ಬಂದರೂ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರೆ ದುಡ್ಡು ಮತ್ತೆ ನಿಲ್ಲುತ್ತಿತ್ತು. ಅದಕ್ಕೇ 2016ರ ಆಗಸ್ಟ್‌ನಲ್ಲಿ ಕೇಂದ್ರ, ಬ್ಯಾಂಕ್ ಗ್ಯಾರಂಟಿ ಪಡೆದು ತೀರ್ಪಿನ ಮೊತ್ತದ ಶೇ 75ರಷ್ಟು ಕೊಟ್ಟುಬಿಡಿ ಅಂತ ತೀರ್ಮಾನಿಸಿತು. 2023ರಲ್ಲಿ 'ವಿವಾದ್ ಸೇ ವಿಶ್ವಾಸ್' ಎರಡನೇ ಯೋಜನೆ ತಂದು ಹಳೆಯ ವ್ಯಾಜ್ಯ ಬಗೆಹರಿಸಲು ದಾರಿ ಮಾಡಿತು. ಸಣ್ಣ ಗುತ್ತಿಗೆದಾರರಿಗೆ ಈ ದಾರಿ ದೂರ. ವಕೀಲರ ಫೀಸು ಬಾಕಿ ಬಿಲ್ಲಿಗಿಂತ ಜಾಸ್ತಿ ಆದರೆ ಯಾರು ಹೋಗುತ್ತಾರೆ?

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಬೇರೆ ಎರಡು ಬದಲಾವಣೆ. ಒಂದು, 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆ. ರನ್ನಿಂಗ್ ಬಿಲ್ಲಿನ ಶೇ 75ನ್ನು 10 ಕೆಲಸದ ದಿನಗಳಲ್ಲಿ ಕೊಡಬೇಕು, ಫೈನಲ್ ಬಿಲ್ ಕೆಲಸ ಮುಗಿದ ಮೂರು ತಿಂಗಳೊಳಗೆ ಆಗಬೇಕು ಅಂತ ಅದು ಹೇಳುತ್ತದೆ. ಇದು ಕೇಂದ್ರದ ಕೆಲಸಗಳಿಗೆ. ಆದರೂ ಗುತ್ತಿಗೆ ಮುಗಿಸುವುದಕ್ಕೂ ಒಂದು ಗಡುವು ಇರಬೇಕು ಅಂತ ಅಷ್ಟು ಸ್ಪಷ್ಟವಾಗಿ ಬರೆದದ್ದು ದೊಡ್ಡ ಮಾತು. ಎರಡು, 2020ರಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಪತ್ರ, ಮಂಜೂರಾತಿಗಳನ್ನು ಡೇಟಾ ಲೇಕ್ ಎಂಬ ಆನ್‌ಲೈನ್ ವ್ಯವಸ್ಥೆಗೆ ತಂದದ್ದು, ಮರುವರ್ಷ ಪ್ರತಿ ತಿಂಗಳು ಡ್ರೋನ್ ವಿಡಿಯೊ ಕಡ್ಡಾಯ ಮಾಡಿದ್ದು. ಇಂಜಿನಿಯರ್ ವರ್ಗವಾದರೂ ದಾಖಲೆ ಅಲ್ಲೇ ಉಳಿಯುತ್ತದೆ.

ಜಿಲ್ಲೆಯ ರಸ್ತೆಗಳಿಗೆ ಇಷ್ಟು ದೊಡ್ಡ ಏರ್ಪಾಡು ಬೇಕಂತಲೂ ಇಲ್ಲ. ಪಾಯ ಮುಚ್ಚುವ ಮೊದಲು ಅಳತೆ ಪಟ್ಟಿ ಹಿಡಿದು ಒಂದು ಫೋಟೊ, ಅದೇ ದಿನ ಎಂಬಿಯಲ್ಲಿ ಎರಡು ಸಾಲು, ಎರಡೂ ಕಡೆಯ ಸಹಿ. ವರ್ಗವಾಗಿ ಹೋಗುವವರು ಬಾಕಿ ಉಳಿದ ಬಾಯಿಮಾತುಗಳನ್ನೆಲ್ಲ ಬರೆದು ಬಂದವರಿಗೆ ಕೊಟ್ಟು ಹೋಗುವುದು. ಮುಗಿದ ಕಿಲೋಮೀಟರನ್ನು ಅಲ್ಲಿಗಲ್ಲಿಗೇ ಫೈನಲ್ ಮಾಡುತ್ತಾ ಬರುವುದು. ತಕರಾರಿರುವ ಒಂದು ಬಾಬ್ತನ್ನು ಪಕ್ಕಕ್ಕಿಟ್ಟು ಉಳಿದದ್ದಕ್ಕೆ ಬಿಲ್ ಮಾಡುವುದು. ಎಷ್ಟು ಕಿಲೋಮೀಟರ್ ರಸ್ತೆ ಆಯಿತು ಅಂತ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳುವ ಹಾಗೆ, ಎಷ್ಟು ಗುತ್ತಿಗೆ ಮುಗಿಸಿದಿರಿ ಅಂತಲೂ ಕೇಳಬೇಕು ಅಲ್ವಾ?

ಕಾಕಾನ ಫೈಲಿನ ಕಥೆ ಮುಗಿದದ್ದು ಒಬ್ಬ ಹೊಸ ಇಂಜಿನಿಯರ್ ಬಂದ ಮೇಲೆ. ಅವರು ಟಿಪ್ಪಣಿಗಳನ್ನೆಲ್ಲ ಓದಿ, "ಮೋರಿ ಪಕ್ಕ ತೋಡಿ ನೋಡಿದ್ರ ಗೊತ್ತಾಗ್ತದಲ್ಲ?" ಅಂದರು. ಒಂದು ಬೆಳಿಗ್ಗೆ ಜೆಸಿಬಿ ತರಿಸಿದರು. ಕಾಕಾ, ಮೇಸ್ತ್ರಿ, ನಾನು ಹೋಗಿದ್ದೆವು. ಗೋಡೆಗುಂಟ ಎರೆ ಮಣ್ಣು ತೆಗೆಯುತ್ತಾ ಹೋದರು. ಒಂದೂವರೆ ಮೀಟರ್ ದಾಟಿತು, ಕಾಂಕ್ರೀಟ್ ಇತ್ತು. ಎರಡು ದಾಟಿತು, ಇತ್ತು. ಕೆಳಗೆ ಕೆಂಪು ಗರಸು ಕಂಡಾಗ ಇಂಜಿನಿಯರ್ ತಾವೇ ಇಳಿದು ಟೇಪ್ ಹಿಡಿದರು. ಎರಡು ಮೀಟರ್ ಅರವತ್ತು. ಮೇಲೆ ಬಂದು ಕೈಯ ಮಣ್ಣು ಒರೆಸಿಕೊಂಡು, ಎಂಬಿಯನ್ನು ಜೀಪಿನ ಬಾನೆಟ್ ಮೇಲಿಟ್ಟು ಬರೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಗುಂಡಿ ಮುಚ್ಚಿತ್ತು.