ಮೊದಲ ಹಾಲು ಹಿಂಡಿ ಚೆಲ್ಲಬೇಕಾ?

ಪ್ರಶ್ನೆ: ನನಗೀಗ ಎಂಟು ತಿಂಗಳು. ಹೆರಿಗೆಯಾದ ಮೇಲೆ ಮೂರು ದಿನ ಎದೆಹಾಲು ಹಿಂಡಿ ಚೆಲ್ಲಬೇಕು, ಅಲ್ಲಿವರೆಗೆ ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು ಸಾಕು ಅಂತಾರೆ ಅತ್ತೆ. ಊರಲ್ಲಿ ಎಲ್ಲರೂ ಹಾಗೇ ಮಾಡಿದ್ದಂತೆ. ಏನು ಮಾಡಲಿ?

ಉತ್ತರ: ಒಂದು ಹನಿಯೂ ಚೆಲ್ಲಬೇಡಿ.

ಹಸು ಕರು ಹಾಕುವುದನ್ನು ನೋಡಿದ್ದೀರಿ ಅಲ್ವಾ? ಕರು ಇನ್ನೂ ಕಾಲು ನಡುಗಿಸುತ್ತಾ ನಿಂತಿರುವಾಗಲೇ ಅದರ ಬಾಯಿಯನ್ನು ಕೆಚ್ಚಲಿಗೆ ಹಿಡಿಸುತ್ತಾರೆ. ಗಿಣ್ಣು ಹಾಲು ಕುಡಿಯದ ಕರು ಚೇತರಿಸಿಕೊಳ್ಳುವುದು ಕಷ್ಟ ಅಂತ ಕೊಟ್ಟಿಗೆಯಲ್ಲಿ ಎಲ್ಲರಿಗೂ ಗೊತ್ತು. ಕರು ಕುಡಿದು ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ಪಕ್ಕದ ಮನೆಗೂ ಕೊಡುತ್ತೇವೆ. ತಾಯಿಯ ಎದೆಯಲ್ಲಿ ಬಂದರೆ ಮಾತ್ರ ಅದು 'ಹಳೇ ಹಾಲು', 'ಕೀವಿನಂಥ ಹಾಲು'!

ಹೀಗನ್ನುವುದಕ್ಕೆ ಅದರ ಬಣ್ಣವೇ ಕಾರಣ. ಗಟ್ಟಿಯಾಗಿ, ಹಳದಿಯಾಗಿ ಇರುತ್ತದೆ. ಅಷ್ಟು ತಿಂಗಳು ಒಳಗೇ ಕೂತು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಎ ಜೀವಸತ್ವ, ಕಾಯಿಲೆ ತಡೆಯುವ ಅಂಶಗಳು ಇದರಲ್ಲೇ ಜಾಸ್ತಿ. ಮಗುವಿನ ಮೊದಲ ಕಪ್ಪು ಮಲ ಸಲೀಸಾಗಿ ಹೋಗುವುದಕ್ಕೂ ಇದೇ ಹಾಲು ನೆರವಾಗುತ್ತದೆ. ಹೊಟ್ಟೆ ಶುದ್ಧಿಗೆ ಅಂತ ಒಳಲೆಯಲ್ಲಿ ಹರಳೆಣ್ಣೆ ಹಾಕುವುದು ಬೇಡವೇ ಬೇಡ.

'ಹಾಲೇ ಇಳಿದಿಲ್ಲ' ಅನ್ನುವ ಮಾತೂ ಬರುತ್ತದೆ. ಮೊದಲ ದಿನ ಒಂದು ಸಲಕ್ಕೆ ಮಗುವಿಗೆ ಬೇಕಾಗುವುದೇ ಟೀ ಚಮಚದಷ್ಟು. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಸಾಮಾನ್ಯವಾಗಿ ಮೂರನೇ ದಿನದ ಹೊತ್ತಿಗೆ ಎದೆ ಭಾರವಾಗುತ್ತದೆ. ಸಕ್ಕರೆ ನೀರು ಕುಡಿದು ಮಲಗಿದ ಮಗು ಚೀಪುವುದಿಲ್ಲ, ಆಗ ನಿಜಕ್ಕೂ ಹಾಲು ತಡವಾಗುತ್ತದೆ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಕೂಡದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಕೂಸಿನ ಸ್ನಾಯುಗಳೇ ಸೋತುಹೋಗಬಹುದು.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕು, ಆರು ತಿಂಗಳು ಬರೀ ಎದೆಹಾಲು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇಸಿಗೆಯಲ್ಲೂ ನೀರು ಬೇಡ, ಎದೆಹಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ಮೊದಲ ಹಾಲು ತಪ್ಪಿಹೋಗುವುದು ಬರೀ ಹಳ್ಳಿ ಅತ್ತೆಯರಿಂದ ಅಂತ ಹೇಳಲಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆ ಆಸ್ಪತ್ರೆಗಳಲ್ಲೇ ಆಗಿವೆ. ಆದರೂ ಮೊದಲ ಗಂಟೆಯಲ್ಲಿ ಹಾಲು ಸಿಕ್ಕಿದ್ದು ನೂರರಲ್ಲಿ ಸುಮಾರು 42 ಮಕ್ಕಳಿಗೆ! ಸಿಸೇರಿಯನ್ ಆದರೂ ಮಲಗಿಕೊಂಡೇ ಹಾಲು ಕೊಡಬಹುದು, ಹಿಡಿದುಕೊಳ್ಳಲು ಒಬ್ಬರು ಬೇಕಷ್ಟೆ. ನರ್ಸಿಗೆ ಮೊದಲೇ ಹೇಳಿಡಿ.

ಅತ್ತೆ ಹೇಳಿದ್ದೆಲ್ಲ ತಳ್ಳಿಹಾಕಬೇಡಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು ಧಾರಾಳವಾಗಿ ತಿನ್ನಿ. ಆದರೆ ಬಾಣಂತಿಗೆ ನೀರು ಕಮ್ಮಿ ಕೊಡಬೇಕು ಅಂದರೆ ಕೇಳಬೇಡಿ, ಬಾಯಾರಿದಾಗೆಲ್ಲ ಕುಡಿಯಿರಿ.

ಹೆರಿಗೆ ನೋವಿನ ಹೊತ್ತಲ್ಲಿ ಇದನ್ನೆಲ್ಲ ವಾದಿಸಲಾಗುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಈ ತಿಂಗಳೇ ಮನೆಗೆ ಕರೆಯಿರಿ, ಅತ್ತೆ ಮನೆಯಲ್ಲಿರುವ ಹೊತ್ತು ನೋಡಿಕೊಂಡು. ಗಿಣ್ಣಿನ ಮಾತು ಆ ಕಾರ್ಯಕರ್ತೆಯೇ ಎತ್ತಲಿ.