ಹಸಿ ಸಿಂಪಿ: ಜಿಂಕ್‌ ಎಷ್ಟು, ಹಸಿಯಾಗಿಯೇ ತಿನ್ನಬೇಕೆ?

ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಹೋಟೆಲುಗಳಲ್ಲಿ ಹಸಿ ಸಿಂಪಿ (ಆಯ್ಸ್ಟರ್) ಅರ್ಧ ಡಜನ್ ಲೆಕ್ಕದಲ್ಲಿ ಬರುತ್ತದೆ. ತಟ್ಟೆ ತುಂಬ ಚಿಪ್ಪು ಕಂಡರೂ ಮಧ್ಯಮ ಗಾತ್ರದ ಆರು ಸಿಂಪಿಯಲ್ಲಿ ಮಾಂಸ ಸುಮಾರು 84 ಗ್ರಾಂ, ಅದರಲ್ಲೂ ನೀರೇ ಹೆಚ್ಚು. ಪ್ರೊಟೀನ್ 5 ಗ್ರಾಂ ಆಸುಪಾಸು, ಒಂದು ಮೊಟ್ಟೆಗಿಂತ ಕಡಿಮೆ. ಪ್ರೊಟೀನಿಗೆಂದು ಸಿಂಪಿ ತಿನ್ನುವುದು ದುಬಾರಿ ಲೆಕ್ಕ.

ಅದರ ಬೆಲೆ ಇರುವುದು ಜಿಂಕ್‌ನಲ್ಲಿ, ಅಂದರೆ ಸತುವಿನಲ್ಲಿ. ಆ ಆರರಲ್ಲೇ ಸುಮಾರು 30 ಮಿಲಿಗ್ರಾಂ. ಅಮೆರಿಕದ ಮಾನದಂಡದಂತೆ ದಿನಕ್ಕೆ ಗಂಡಸರಿಗೆ 11, ಹೆಂಗಸರಿಗೆ 8 ಸಾಕು, ಮೇಲ್ಮಿತಿ 40. ಎಂದೋ ಒಮ್ಮೆ ಮಿತಿ ದಾಟಿದರೆ ತೊಂದರೆಯಿಲ್ಲ. ಜಿಂಕ್ ಮಾತ್ರೆಯನ್ನೂ ದಿನವೂ ನುಂಗುವವರು ಮಾತ್ರ ಲೆಕ್ಕ ಇಡಬೇಕು: ಅತಿಯಾದ ಜಿಂಕ್ ಬಹುಕಾಲ ಒಳಹೋದರೆ ತಾಮ್ರ ಹೀರಿಕೊಳ್ಳುವುದಕ್ಕೆ ಅಡ್ಡಿ. ಬಿ12 ಕೂಡ ದಿನದ ಅಗತ್ಯದ ಮೂರು ಪಟ್ಟು ಸಿಗುತ್ತದೆ. ಇದು ಅಟ್ಲಾಂಟಿಕ್ ಸಿಂಪಿಯ ಲೆಕ್ಕ. ಪೆಸಿಫಿಕ್ ಜಾತಿಯಲ್ಲಿ ಜಿಂಕ್ ಇದರ ಅರ್ಧಕ್ಕೂ ಕಡಿಮೆ, 100 ಗ್ರಾಂಗೆ 16–17 ಮಿಲಿಗ್ರಾಂ. ಬಿ12 ಮತ್ತು ಸೆಲೆನಿಯಂ ಎಂಬ ಖನಿಜ ಹೆಚ್ಚು.

ಬೇಯಿಸಿದರೆ ಸತ್ವ ಹೋಗುತ್ತದೆಯೆ? ಜಿಂಕ್, ಕಬ್ಬಿಣ, ತಾಮ್ರ ಲೋಹಗಳು; ಬೆಂಕಿಗೆ ಕರಗಿ ಮಾಯವಾಗುವಂಥವಲ್ಲ. ಬೇಯಿಸಿದ ನೀರನ್ನು ಚೆಲ್ಲಿದರೆ ಒಂದಿಷ್ಟು ಅದರೊಡನೆ ಹೋದೀತು. ಪೋಷಕಾಂಶಗಳ ಕೋಷ್ಟಕದಲ್ಲಿ ಬೆಂದ ಪೆಸಿಫಿಕ್ ಸಿಂಪಿಗೆ 100 ಗ್ರಾಂಗೆ 33 ಮಿಲಿಗ್ರಾಂ ಜಿಂಕ್ ಎಂದಿರುವುದು ಕಂಡು ಹಿಗ್ಗುವುದೂ ಬೇಡ. ನೀರು ಬಿಟ್ಟು ಮಾಂಸ ಕುಗ್ಗಿದೆ, ಅಷ್ಟೆ.

ಹಸಿಯದರ ಅಪಾಯವೋ ದೊಡ್ಡದು. ಸಿಂಪಿ ದಿನವಿಡೀ ನೀರು ಸೋಸುತ್ತದೆ. ನೀರಿನಲ್ಲಿದ್ದ, ವಾಂತಿಭೇದಿ ತರುವ ನೊರೊವೈರಸ್, ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಅದರೊಳಗೇ ಸೇರುತ್ತವೆ. ವಿಬ್ರಿಯೊ ವಲ್ನಿಫಿಕಸ್ ಸೋಂಕು ತಗಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ. ಲಿವರ್ ಕಾಯಿಲೆ ಇದ್ದವರು ಹಸಿ ಸಿಂಪಿ ಮುಟ್ಟಲೇಬಾರದು. ನಿಂಬೆರಸ, ಖಾರದ ಸಾಸ್, ಮದ್ಯ ಯಾವುದಕ್ಕೂ ಈ ಬ್ಯಾಕ್ಟೀರಿಯಾ ಸಾಯದು. ನೋಟ, ವಾಸನೆಯಿಂದಲೂ ಗೊತ್ತಾಗದು. ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇಟ್ಟರೆ ಮಲಮೂಲದ ಬ್ಯಾಕ್ಟೀರಿಯಾ ತಗ್ಗುತ್ತದೆ. ವೈರಸ್, ವಿಬ್ರಿಯೊ ಅಷ್ಟಕ್ಕೆ ಜಗ್ಗವು. ಚಳಿಗಾಲದಲ್ಲಿ ತಿಂದರೆ ಸರಿ ಎಂಬ ಅಲ್ಲಿನ ರೂಢಿಯನ್ನು ವರ್ಷವಿಡೀ ಬೆಚ್ಚಗಿರುವ ನಮ್ಮ ಅಳಿವೆಗಳಿಗೆ ಅನ್ವಯಿಸಲಾಗದು. ಕಾರವಾರದ ಕಡೆ ಕಲ್ವಾ, ಉಡುಪಿ ಕಡೆ ಮುರು ಎನ್ನುವ ಇದನ್ನು ಬೇಯಿಸಿ, ಸುಕ್ಕ ಮಾಡಿಯೇ ತಿನ್ನುವುದು ಜಾಣತನ.

ತಟ್ಟಿದರೂ ಮುಚ್ಚಿಕೊಳ್ಳದ ಚಿಪ್ಪು ಸತ್ತದ್ದು, ಎಸೆಯಿರಿ. ಉಳಿದವನ್ನು ಕುದಿಯುವ ನೀರಿಗೆ ಹಾಕಿ, ಬಾಯಿ ಬಿಟ್ಟ ಮೇಲೆ ಇನ್ನೂ 3ರಿಂದ 5 ನಿಮಿಷ ಕುದಿಸಿ. ಬಿಡಿಸಿದ ಮಾಂಸವಾದರೆ ಅಂಚು ಸುರುಟುವವರೆಗೆ, ಕನಿಷ್ಠ 3 ನಿಮಿಷ. ಪಾತ್ರೆ ಕಿಕ್ಕಿರಿದರೆ ನಡುವಿನವು ಬೇಯವು, ಹಾಗಾಗಿ ಸ್ವಲ್ಪಸ್ವಲ್ಪವೇ ಹಾಕಿ. ಕೊನೆಗೂ ಬಾಯಿ ಬಿಡದ್ದು ತಿಪ್ಪೆಗೆ.