ಹೆಡ್‌ಮಾಸ್ಟರ್ ರೌಂಡ್ಸ್ ಹೊಡೆದ್ರೆ ಮಕ್ಕಳು ಕಲೀತಾರಾ?

ನಾನು ಓದಿದ ಹೈಸ್ಕೂಲಲ್ಲಿ ಹೆಡ್‌ಮಾಸ್ಟ್ರು ಬರ್ತಿದ್ದಾರೆ ಅಂತ ಚಪ್ಪಲಿ ಸದ್ದಲ್ಲೇ ಗೊತ್ತಾಗೋದು. ಕ್ಲಾಸಿಗೆ ಕ್ಲಾಸೇ ಗಪ್‌ಚುಪ್, ಕುರ್ಚಿ ಮೇಲೆ ಆರಾಮಾಗಿ ಕೂತಿದ್ದ ಮೇಷ್ಟ್ರೂ ಎದ್ದು ಬೋರ್ಡ್ ಮೇಲೆ ಏನೋ ಬರೆಯೋಕೆ ಶುರು ಮಾಡೋರು. ಬೆತ್ತ ಹಿಡ್ಕೊಂಡು ದಿನಕ್ಕೆ ನಾಲ್ಕು ರೌಂಡು ಹೊಡೆಯೋ ಎಚ್.ಎಂ. ಇದ್ರೆ ಅದು ಒಳ್ಳೇ ಸ್ಕೂಲು ಅಂತ ನಮ್ಮೂರೋರ ಲೆಕ್ಕ. ಈ ಲೆಕ್ಕಾನ ಕೂತು ಅಳೆದು ನೋಡಿದವರೂ ಇದ್ದಾರೆ.

ಅಳೆಯೋದು ಸುಲಭ ಅಲ್ಲ ಬಿಡಿ. ರಿಸಲ್ಟ್ ಚೆನ್ನಾಗಿರೋ ಶಾಲೆಗೆ ಮೊದಲಿಂದ್ಲೂ ಓದೋ ವಾತಾವರಣ ಇರೋ ಮನೆ ಮಕ್ಕಳೇ ಬರ್ತಿರಬಹುದು, ಹೆಸರು ಮಾತ್ರ ಪ್ರಿನ್ಸಿಪಾಲ್‌ಗೆ. ಅದಕ್ಕೇ ಸಂಶೋಧಕರು ಹಿಡಿದ ದಾರಿ ಏನಂದ್ರೆ, ಶಾಲೆ ಅದೇ, ಊರು ಅದೇ, ಮುಖ್ಯಸ್ಥರು ಮಾತ್ರ ಬದಲಾದಾಗ ಮಕ್ಕಳ ಕಲಿಕೆ ಎತ್ತ ಹೋಯ್ತು ಅಂತ ವರ್ಷಗಟ್ಟಲೆ ಲೆಕ್ಕ ಇಡೋದು. ಅಮೆರಿಕದ ಇಂಥ ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ ವ್ಯಾಲೇಸ್ ಫೌಂಡೇಶನ್ನಿನ ವರದಿ 2021ರಲ್ಲಿ ಬಂತು. ನೂರು ಪ್ರಿನ್ಸಿಪಾಲರನ್ನ ಕೆಲಸದ ಗುಣಮಟ್ಟ ನೋಡಿ ಕೆಳಗಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿ ಅಂದ್ಕೊಳ್ಳಿ, 25ನೇ ಜಾಗದವರ ಬದಲು 75ನೇ ಜಾಗದವರು ಬಂದ್ರೆ ಮಕ್ಕಳು ಒಂದು ವರ್ಷದಲ್ಲಿ ಗಣಿತದಲ್ಲಿ ಸುಮಾರು 2.9 ತಿಂಗಳ ಪಾಠದಷ್ಟು, ಓದಿನಲ್ಲಿ 2.7 ತಿಂಗಳಷ್ಟು ಜಾಸ್ತಿ ಕಲೀತಾರಂತೆ. ಒಬ್ಬ ಒಳ್ಳೇ ಮೇಷ್ಟ್ರಿಂದ ಆಗೋ ಲಾಭ ಇದಕ್ಕಿಂತ ಸ್ವಲ್ಪ ಹೆಚ್ಚು, ಆದ್ರೆ ಅದು ಅವರ ಕ್ಲಾಸಿಗಷ್ಟೇ, ಇದು ಇಡೀ ಶಾಲೆಗೆ. ಟೆಕ್ಸಾಸ್ ರಾಜ್ಯದ ಇನ್ನೊಂದು ಅಧ್ಯಯನದಲ್ಲಿ ಒಳ್ಳೇ ಪ್ರಿನ್ಸಿಪಾಲರಿಗೂ ಕಳಪೆಯವರಿಗೂ ನಡುವಿನ ಅಂತರ ಅತಿ ಹೆಚ್ಚು ಕಂಡಿದ್ದು ಬಡಮಕ್ಕಳು ಓದೋ ಶಾಲೆಗಳಲ್ಲೇ.

ಸರಿ, ಈ ಒಳ್ಳೆಯವರು ದಿನವಿಡೀ ಮಾಡೋದಾದ್ರೂ ಏನು? ಮಯಾಮಿ ಕಡೆಯ ಸುಮಾರು 100 ಶಾಲೆಗಳಲ್ಲಿ ಪ್ರಿನ್ಸಿಪಾಲರ ಹಿಂದೆ ಬೆಳಗಿಂದ ಸಂಜೆವರೆಗೂ ಒಬ್ಬೊಬ್ಬರನ್ನ ನೆರಳಿನ ಥರ ಬಿಟ್ಟು, ಅವರು ಏನೇನು ಮಾಡ್ತಾರೆ ಅಂತ ಬರೆಸಿದ್ರು. 2013ರಲ್ಲಿ ಫಲಿತಾಂಶ ಬಂತು ನೋಡಿ, ನನಗೆ ನಮ್ಮ ಹೆಡ್‌ಮಾಸ್ಟ್ರ ಚಪ್ಪಲಿ ಸದ್ದೇ ನೆನಪಾಯ್ತು. ಪಾಠಕ್ಕೆ ಸಂಬಂಧಪಟ್ಟ ಕೆಲಸಗಳಲ್ಲಿ ಅವರು ಅತಿ ಹೆಚ್ಚು ಹೊತ್ತು ಕೊಟ್ಟಿದ್ದು ಕ್ಲಾಸಿಂದ ಕ್ಲಾಸಿಗೆ ಹೀಗೆ ಹೋಗಿ ಹಾಗೆ ಬರೋ ರೌಂಡಿಗೆ, ಆದ್ರೆ ಆ ರೌಂಡು ಜಾಸ್ತಿ ಇದ್ದ ಕಡೆ, ಅದರಲ್ಲೂ ಹೈಸ್ಕೂಲುಗಳಲ್ಲಿ, ಕಲಿಕೆ ಹೆಚ್ಚಲಿಲ್ಲ, ಕಮ್ಮಿನೇ ಇತ್ತು. ಕಲಿಕೆ ಹೆಚ್ಚಿದ್ದು ಶಿಕ್ಷಕರ ಜೊತೆ ಕೂತು ಪಾಠ ಹೇಗೆ ಸುಧಾರಿಸೋದು ಅಂತ ಹೇಳಿಕೊಡೋಕೆ, ಕೆಲಸದ ಮೌಲ್ಯಮಾಪನಕ್ಕೆ ಹೊತ್ತು ಕೊಟ್ಟ ಕಡೆ. ರೌಂಡು ಹೊಡೆದು ಕಂಡಿದ್ದನ್ನ ಆಮೇಲೆ ಮೇಷ್ಟ್ರ ತರಬೇತಿಗೆ ಬಳಸಿಕೊಂಡ ಕಡೆ ಅಷ್ಟು ನಷ್ಟ ಇರಲಿಲ್ಲ.

ಯೋಚನೆ ಮಾಡಿದ್ರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಎಚ್.ಎಂ. ಎಷ್ಟೇ ಗದರಿದ್ರೂ ಮಗು ಭಿನ್ನರಾಶಿ ಕಲಿಯೋದು ಗಣಿತದ ಮಿಸ್ಸಿಂದಲೇ, ಅಂದ್ರೆ ಮುಖ್ಯಸ್ಥರ ಕೈ ಮಗುವನ್ನ ಮುಟ್ಟೋದು ಮಿಸ್ಸಿನ ಮೂಲಕ. ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕಿ ವಿವಿಯಾನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಹಾಕಿದಾಗ ಎಲ್ಲಕ್ಕಿಂತ ದೊಡ್ಡ ಪರಿಣಾಮ ಸಿಕ್ಕಿದ್ದು ಶಿಕ್ಷಕರ ಕಲಿಕೆಗೆ ಒತ್ತುಕೊಟ್ಟು, ಅದರಲ್ಲಿ ತಾವೂ ಕೂತು ಕಲಿಯೋ ಮುಖ್ಯಸ್ಥರಿರೋ ಶಾಲೆಗಳಲ್ಲಿ.

ನಮ್ಮ ಸರ್ಕಾರಿ ಶಾಲೆ ಎಚ್.ಎಂ.ಗೆ ಕೂತ್ಕೊಳ್ಳೋಕೆ ಪುರುಸೊತ್ತೆಲ್ಲಿ? ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮಕ್ಕಳ ವಿವರ ತುಂಬೋ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ಗೆ ಎಂಟ್ರಿ, ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿ ಮೀಟಿಂಗು, ಇದರ ಮಧ್ಯೆ ಬಿಇಒ ಆಫೀಸಿಂದ ಅರ್ಜೆಂಟ್ ಮಾಹಿತಿ ಕೇಳಿ ವಾಟ್ಸಾಪ್ ಮೆಸೇಜು. ಸಣ್ಣ ಶಾಲೆಯಾದ್ರೆ ಇಷ್ಟೆಲ್ಲ ಮಾಡಿ ಕ್ಲಾಸೂ ತಗೋಬೇಕು.

ಇದಕ್ಕೆ ಪರಿಹಾರ ಅಂತ ಬರೋದೂ ಹೆಚ್ಚಾಗಿ ಇನ್ನೊಂದು ಫಾರ್ಮೇ. ಮಧ್ಯಪ್ರದೇಶದಲ್ಲಿ 1,774 ಶಾಲೆಗಳನ್ನ ಲಾಟರಿ ಥರ ಆರಿಸಿ, ಪ್ರತಿ ಶಾಲೆಯ ಮೌಲ್ಯಮಾಪನ ಮಾಡಿಸಿ, ರೇಟಿಂಗ್ ಕೊಟ್ಟು, ಆಯಾ ಶಾಲೆಗೇ ಅಂತ ಸುಧಾರಣಾ ಯೋಜನೆ ಬರೆಸಿದ್ರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದರ ಫಲ ಅಳೆದು ನೋಡಿದ್ರು. ಮೌಲ್ಯಮಾಪನ ಹೆಚ್ಚುಕಮ್ಮಿ ಎಲ್ಲಾ ಕಡೆ ಮುಗಿದಿತ್ತು, ರೇಟಿಂಗೂ ಕಾಟಾಚಾರದ್ದಲ್ಲ, ಶಾಲೆಯ ನಿಜಸ್ಥಿತಿಯನ್ನೇ ಹೇಳ್ತಿತ್ತು, ಆದ್ರೆ ಶಾಲೆ ನಡೆಯೋ ರೀತಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಏನೂ ಬದಲಾಗಿರಲಿಲ್ಲ. ಫೈಲೆಲ್ಲ ಅಚ್ಚುಕಟ್ಟಾಗಿತ್ತಲ್ಲ, ಸ್ಕೀಮು ಸಕ್ಸಸ್ಸು ಅಂತಾಯ್ತು, ದೇಶದ 6 ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿಸಿದ್ರು.